ಹದಿನೇಳರ ಕೈಗೆ ಹಳೇ ಥಿಂಕ್‌ಪ್ಯಾಡ್: ಟಿ480 ಕೊಳ್ಳುವ ಮುನ್ನ

ಪಿಯುಸಿ ಸೇರಿದ ಮಕ್ಕಳು ಲ್ಯಾಪ್‌ಟಾಪ್ ಕೇಳಿದ ದಿನ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಹಿರಿಯರಿಗೆ ಅದು ಓದಿನ ಸಾಮಾನು, ಕೇಳಿದವರಿಗೆ ಅದರಲ್ಲಿ ಅರ್ಧ ಪಾಲು ಗೇಮ್. ಅಂಗಡಿಯವರು ಎರಡೂ ಪಕ್ಷಕ್ಕೆ ತಲೆಯಾಡಿಸಿ ಇಪ್ಪತ್ತೈದು-ಮೂವತ್ತು ಸಾವಿರದ ಹೊಸ ಮಾಡೆಲ್ ಒಂದನ್ನು ಮುಂದಿಡುತ್ತಾರೆ: ಸೆಲೆರಾನ್ ಪ್ರೊಸೆಸರ್, ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್, ಒತ್ತಿದರೆ ಬಳುಕುವ ಪ್ಲಾಸ್ಟಿಕ್. ಎರಡು ವರ್ಷ ಕಳೆದ ಮೇಲೆ ಅದು ನಿಧಾನವಾಯಿತೆಂದು ಬಿಚ್ಚಿದರೆ ಸೇರಿಸಲು ಏನೂ ಜಾಗವಿರುವುದಿಲ್ಲ. ಇದಕ್ಕಿಂತ ಕಡಿಮೆ ದುಡ್ಡಿಗೆ ಸಿಗುವ, ಕಂಪನಿಗಳು ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್ ಟಿ480 ಅಂಥ ಮನೆಗೆ ಹೆಚ್ಚು ಸರಿ. ಆದರೆ ಕಣ್ಣು ಮುಚ್ಚಿ ಕೊಳ್ಳುವ ಸಾಮಾನಲ್ಲ ಇದು.

ಇಷ್ಟೊಂದು ಥಿಂಕ್‌ಪ್ಯಾಡ್‌ಗಳ ನಡುವೆ ಟಿ480 ಯಾಕೆ ಎಂದರೆ, ಅದು ಎರಡು ಗಡಿಗಳ ನಡುವೆ ನಿಂತಿದೆ. 2018ರ ಮಾಡೆಲ್ ಇದು, ಬಹುತೇಕ ಪೀಸ್‌ಗಳಲ್ಲಿ ಇಂಟೆಲ್‌ನ 8ನೇ ಪೀಳಿಗೆಯ ನಾಲ್ಕು ಕೋರ್ ಪ್ರೊಸೆಸರ್. ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಒಪ್ಪುವ ಇಂಟೆಲ್ ಚಿಪ್‌ಗಳ ಪಟ್ಟಿ ಹೆಚ್ಚೂಕಡಿಮೆ ಇಲ್ಲಿಂದಲೇ ಶುರು. ಹಿಂದಿನ ವರ್ಷದ ಟಿ470 ಆ ಪಟ್ಟಿಯ ಹೊರಗೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಟಿ470 ಈಗ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವವರಿಗಷ್ಟೇ ಲಾಯಕ್ಕು. ಮುಂದಿನ ವರ್ಷದ ಟಿ490 ನೋಡಿದರೆ ಹೊರಗಿನಿಂದ ಬಿಚ್ಚುವ ಬ್ಯಾಟರಿ ಹೋಯಿತು, ಎರಡು ರ‍್ಯಾಮ್ ಸ್ಲಾಟ್‌ಗಳಲ್ಲಿ ಒಂದು ಬೆಸುಗೆಯಾಯಿತು. ಹೆಸರಲ್ಲಿ ಒಂದಕ್ಷರ ಮಾತ್ರ ಹೆಚ್ಚಿರುವ ಟಿ480ಎಸ್ ಕೂಡ ಬೇರೆಯದೇ ಯಂತ್ರ. ತೆಳ್ಳಗಿದೆ, ಚೆಂದವಿದೆ, ಆದರೆ ಅದರಲ್ಲೂ ಒಂದು ರ‍್ಯಾಮ್ ಬೋರ್ಡಿಗೆ ಅಂಟಿದೆ, ಬ್ಯಾಟರಿ ಒಳಗಿದೆ. ಅಂಗಡಿಯಲ್ಲಿ 'ಎರಡೂ ಒಂದೇ ಸರ್' ಎಂದರೆ ನಂಬಬೇಡಿ.

ಬೆಲೆ ಸಾಮಾನ್ಯವಾಗಿ 15ರಿಂದ 20 ಸಾವಿರದ ಆಸುಪಾಸು, ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ತಕ್ಕಂತೆ ಏರಿಳಿತ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮಾರುವ ಅಂಗಡಿಗಳು ಸಾಲಾಗಿವೆ. ಐಟಿ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಯಂತ್ರ ಬದಲಾಯಿಸುವುದರಿಂದ ಮಾಲಿಗೆ ಬರವಿಲ್ಲ. ಅಲ್ಲಿ ಕೇಳಿಬರುವ 'ಎ ಗ್ರೇಡ್', 'ಬಿ ಗ್ರೇಡ್' ಎಂಬುದು ಬರೀ ಮೈಮೇಲಿನ ಗೀರುಗಳ ಲೆಕ್ಕ. ಒಳಗಿನ ಬ್ಯಾಟರಿಗೂ ಬೋರ್ಡಿಗೂ ಆ ಮಾತಿಗೂ ಸಂಬಂಧವಿಲ್ಲ. ಮೂಲೆಯಲ್ಲಿ ಬಣ್ಣ ಹೋಗಿದ್ದರೂ ಒಳಗೆ ಗಟ್ಟಿಯಿರುವ ಬಿ ಗ್ರೇಡ್ ಪೀಸ್, ಹೊಳೆಯುವ ಎ ಗ್ರೇಡ್‌ಗಿಂತ ಎಷ್ಟೋ ಮೇಲು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಮತ್ತು ವಾರಂಟಿಯ ಅವಧಿ ಬರೆಸಿಕೊಳ್ಳಿ. ತಳದ ಸ್ಟಿಕರ್‌ನಲ್ಲಿರುವ ನಂಬರ್, ಬಯೋಸ್ (ವಿಂಡೋಸ್ ಏಳುವ ಮೊದಲಿನ ಯಂತ್ರದ ಮೂಲ ಸೆಟ್ಟಿಂಗ್ ಪುಟ) ತೋರಿಸುವ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಇರಬೇಕು.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಅರ್ಧ ಗಂಟೆ ಕೂತು ನೋಡಬೇಕಾದದ್ದಿದೆ. ಯಂತ್ರ ಆನ್ ಮಾಡಿದ ಕೂಡಲೇ ಎಫ್1 ಒತ್ತಿ ಬಯೋಸ್‌ಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಎದ್ದು ಬನ್ನಿ. ಅದು ಹಳೆಯ ಕಂಪನಿ ಹಾಕಿದ ಸೂಪರ್‌ವೈಸರ್ ಪಾಸ್‌ವರ್ಡ್. ಬೋರ್ಡಿನ ಮೇಲಿನ ಸಿಎಂಒಎಸ್ ಎಂಬ ಬಿಲ್ಲೆ ಬ್ಯಾಟರಿ ತೆಗೆದು ಹಾಕಿದರೆ ಹೋಗುವಂಥದ್ದಲ್ಲ, ಚಿಪ್ಪಿನೊಳಗೇ ಕೂತಿರುತ್ತದೆ. 'ಆಮೇಲೆ ತೆಗೆದುಕೊಡ್ತೀವಿ' ಎಂಬ ಭರವಸೆಗೆ ಬೆಲೆಯಿಲ್ಲ. ಪಾಸ್‌ವರ್ಡ್ ಇಲ್ಲದಿದ್ದರೆ ಸೆಕ್ಯೂರಿಟಿ ಮೆನುವಿನಲ್ಲಿ ಅಬ್ಸಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಹೆಸರಿನ ಸಾಲು ನೋಡಿ. ಕಳುವಾದ ಯಂತ್ರವನ್ನು ಹುಡುಕುವ ವ್ಯವಸ್ಥೆ ಅದು, ಆಫ್ ಆಗಿರಬೇಕು. ಮೊದಲ ಪುಟದಲ್ಲೇ ಪ್ರೊಸೆಸರ್ ಹೆಸರೂ ಕಾಣುತ್ತದೆ. ಐ5-8250ಯು ಅಥವಾ ಐ5-8350ಯು ಇದ್ದರೆ ಸಾಕು. ಐ7ಕ್ಕೆಂದು ಮೂರು ಸಾವಿರ ಹೆಚ್ಚು ಕೊಡುವುದು ದಂಡ, ಏಕೆಂದರೆ ಎರಡಕ್ಕೂ ನಾಲ್ಕೇ ಕೋರ್, ಎರಡಕ್ಕೂ 15 ವಾಟ್‌ನದೇ ಮಿತಿ.

ಇನ್ನೊಂದು ಬೀಗ ಹೊರಗೆ ಕಾಣುವುದಿಲ್ಲ. ಕಂಪನಿ ತನ್ನ ಯಂತ್ರಗಳನ್ನು ಆಟೋಪೈಲಟ್ ಎಂಬ, ಕಂಪನಿಗಳ ಯಂತ್ರಗಳನ್ನು ಇಂಟರ್ನೆಟ್ ಮೂಲಕ ಹತೋಟಿಗೆ ತರುವ ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ ದಾಖಲಿಸಿ, ಮಾರುವಾಗ ಹೆಸರು ತೆಗೆಸದೆ ಬಿಟ್ಟಿದ್ದರೆ, ಮುಂದೆ ನೀವು ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್‌ಗೆ ಸೇರಿಸಿದ ಕ್ಷಣ ಆ ಕಂಪನಿಯ ಲಾಗಿನ್ ಪರದೆ ಎದ್ದು ನಿಲ್ಲುತ್ತದೆ. ಅಂಗಡಿಯವರು ಆಫ್‌ಲೈನ್‌ನಲ್ಲಿ ವಿಂಡೋಸ್ ಹಾಕಿಟ್ಟಿದ್ದರೆ ಇದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಕೊಟ್ಟು, ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ, ಮೊದಲ ಪರದೆಗಳನ್ನು ದಾಟಿ ತೋರಿಸಿ ಎನ್ನಿ. ಹೊತ್ತು ಹಿಡಿಯುತ್ತದೆ ಎಂದು ಗೊಣಗುತ್ತಾರೆ. ಗೊಣಗಲಿ.

ಟಿ480ರ ನಿಜವಾದ ಕುತ್ತು ಇರುವುದು ಟೈಪ್-ಸಿ ಪೋರ್ಟಿನಲ್ಲಿ. ಇದಕ್ಕೆ ಬೇರೆ ಚಾರ್ಜಿಂಗ್ ಪಿನ್ ಇಲ್ಲ. ಎಡಬದಿಯ ಎರಡು ಟೈಪ್-ಸಿ ಪೋರ್ಟ್‌ಗಳಲ್ಲೇ ಚಾರ್ಜ್ ಆಗಬೇಕು, ಅವುಗಳಲ್ಲಿ ಒಂದು ಹೆಚ್ಚು ವೇಗದ ಥಂಡರ್‌ಬೋಲ್ಟ್ 3. ಆ ಕಾಲದ ಥಂಡರ್‌ಬೋಲ್ಟ್ ಫರ್ಮ್‌ವೇರ್‌ನಲ್ಲಿ, ಅಂದರೆ ಚಿಪ್ಪಿನೊಳಗಿನ ತಂತ್ರಾಂಶದಲ್ಲಿ, ದೋಷವಿತ್ತು. ಕಂಟ್ರೋಲರ್‌ನ ಪುಟ್ಟ ಮೆಮೊರಿ ಚಿಪ್‌ಗೆ ಮತ್ತೆ ಮತ್ತೆ ಬರೆಯುತ್ತ ಹೋಗಿ ಒಂದು ದಿನ ಪೋರ್ಟೇ ಸುಮ್ಮನಾಗಿಬಿಡುವುದು: ಥಂಡರ್‌ಬೋಲ್ಟ್ ಇಲ್ಲ, ಎಚ್‌ಡಿಎಂಐ ಇಲ್ಲ, ಕೆಲವೊಮ್ಮೆ ಚಾರ್ಜೂ ಇಲ್ಲ. ಲೆನೊವೊ ಇದಕ್ಕೆ ತುರ್ತು ಫರ್ಮ್‌ವೇರ್ ಬಿಡುಗಡೆ ಮಾಡಿದೆ, ಆದರೆ ಕೆಡುವ ಮೊದಲು ಹಾಕಿದರೆ ಮಾತ್ರ ಅದರಿಂದ ಉಪಯೋಗ. ಕೆಟ್ಟ ಮೇಲೆ ಬೋರ್ಡ್ ಬಿಚ್ಚಿ, ಸಿಎಚ್341ಎ ತರಹದ ಪ್ರೋಗ್ರಾಮರ್‌ನಿಂದ ಆ ಚಿಪ್‌ಗೆ ಹೊಸದಾಗಿ ಬರೆಯಬೇಕು, ಇಲ್ಲವೇ ಬೋರ್ಡನ್ನೇ ಬದಲಿಸಬೇಕು. ಆದ್ದರಿಂದ ಅಂಗಡಿಯಲ್ಲಿ ಎರಡೂ ಪೋರ್ಟ್‌ಗಳಲ್ಲಿ ಒಂದಾದ ಮೇಲೊಂದರಂತೆ ಚಾರ್ಜರ್ ಸಿಕ್ಕಿಸಿ ನೋಡಿ, ಎಚ್‌ಡಿಎಂಐಗೆ ಟಿವಿ ಅಥವಾ ಮಾನಿಟರ್ ಹಾಕಿಸಿ ನೋಡಿ. ಮನೆಗೆ ತಂದ ದಿನವೇ, ಗೇಮ್ ಇಳಿಸುವುದಕ್ಕೂ ಮೊದಲು, ಲೆನೊವೊ ತಾಣದಲ್ಲಿ ಟಿ480ರ ಪುಟದಿಂದ ಥಂಡರ್‌ಬೋಲ್ಟ್ ಫರ್ಮ್‌ವೇರ್ ಮತ್ತು ಬಯೋಸ್ ಅಪ್‌ಡೇಟ್ ಮುಗಿಸಿ. ಅಪ್‌ಡೇಟ್ ನಡೆಯುವಾಗ ಚಾರ್ಜರ್ ಹಾಕಿಯೇ ಇರಲಿ. ಕರೆಂಟ್ ಹೋದರೆ ಬ್ಯಾಟರಿ ಕಾಯುತ್ತದೆ, ಆದರೆ ಬ್ಯಾಟರಿ ಸತ್ತಿರುವ ಪೀಸ್‌ನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಚಾರ್ಜರ್ ಬಗ್ಗೆಯೂ ಒಂದು ಮಾತು. ಫೋನಿನ 67 ವಾಟ್, 80 ವಾಟ್ ಚಾರ್ಜರ್ ಇದೆಯಲ್ಲ ಎನ್ನುವವರಿದ್ದಾರೆ. ಅವುಗಳಲ್ಲಿ ಬಹಳಷ್ಟು ಆಯಾ ಕಂಪನಿಯ ಸ್ವಂತ ಪದ್ಧತಿಯವು, ಲ್ಯಾಪ್‌ಟಾಪ್ ಕೇಳುವ 20 ವೋಲ್ಟ್ ಕೊಡುವುದಿಲ್ಲ. ಅಡಾಪ್ಟರ್ ಮೇಲಿನ ಸಣ್ಣ ಅಕ್ಷರದಲ್ಲಿ 20 ವೋಲ್ಟ್, 3.25 ಆಂಪಿಯರ್ ಎಂದು ಬರೆದಿದ್ದರೆ ಅದು 65 ವಾಟ್‌ನ ಸರಿಯಾದ ಚಾರ್ಜರ್.

ಬ್ಯಾಟರಿ ಎರಡಿವೆ. ಒಳಗೊಂದು 24 ವಾಟ್-ಅವರ್‌ನದು (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ), ಹಿಂಬದಿಯಲ್ಲಿ ಚಿಲಕ ಸರಿಸಿ ತೆಗೆಯುವಂಥದ್ದು ಇನ್ನೊಂದು. ಹೊರಗಿನದು 24, 48, 72 ವಾಟ್-ಅವರ್ ಹೀಗೆ ಮೂರು ಗಾತ್ರದಲ್ಲಿ ಬರುತ್ತದೆ. ಮೊದಲು ಹೊರಗಿನದು ಖಾಲಿಯಾಗಿ ಆಮೇಲೆ ಒಳಗಿನದು ಖರ್ಚಾಗುತ್ತದೆ. ಹಾಗಾಗಿ ಯಂತ್ರ ಆಫ್ ಮಾಡದೆಯೇ ಹೊರಗಿನದನ್ನು ಬದಲಿಸಬಹುದು. ಬರಹ, ಪಿಡಿಎಫ್, ಬ್ರೌಸರ್‌ನಷ್ಟೇ ಕೆಲಸಕ್ಕೆ ಈ ಯಂತ್ರ ಗಂಟೆಗೆ ಏಳೆಂಟು ವಾಟ್-ಅವರ್ ಖರ್ಚು ಮಾಡುತ್ತದೆ ಎಂದುಕೊಳ್ಳಿ. ಎರಡೂ ಹೊಸದಿದ್ದು ಒಟ್ಟು 72 ಇದ್ದರೆ ಒಂಬತ್ತು ಗಂಟೆ, ಅರವತ್ತು ಪರ್ಸೆಂಟ್ ಆರೋಗ್ಯವಿರುವ ಹಳೆಯದ್ದರಲ್ಲಿ ಐದು ಗಂಟೆ ಚಿಲ್ಲರೆ. ಸಂಜೆ ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಪರೀಕ್ಷೆಯ ತಿಂಗಳಲ್ಲಿ ಇದು ದೊಡ್ಡ ವಿಷಯ. ಆರೋಗ್ಯ ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಬ್ಯಾಟರಿ ರಿಪೋರ್ಟ್ ತೆಗೆದು, ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಎರಡನ್ನೂ ಹೋಲಿಸಿ. ಒಳಗಿನದು ಅರ್ಧಕ್ಕಿಂತ ಕೆಳಗಿದ್ದರೆ ಬೆಲೆ ಇಳಿಸಿ ಕೇಳಿ. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಅಥವಾ ತಳ ಮೇಜಿಗೆ ಸಮವಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅಂಥ ಪೀಸ್ ಮುಟ್ಟಲೇಬೇಡಿ.

ಈಗ ಆಟದ ವಿಷಯ. ಇದರ ಗ್ರಾಫಿಕ್ಸ್ ಇಂಟೆಲ್ ಯುಎಚ್‌ಡಿ 620. ಅದಕ್ಕೆ ಸ್ವಂತ ಮೆಮೊರಿಯಿಲ್ಲ, ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ಇಲ್ಲಿಯೇ ಅಂಗಡಿಯವರು ಹೇಳದ ಸೂಕ್ಷ್ಮವೊಂದಿದೆ. ಡಿಡಿಆರ್4-2400 ರ‍್ಯಾಮ್ ಕಡ್ಡಿ ಒಂದೇ ಇದ್ದರೆ ಸೆಕೆಂಡಿಗೆ 19.2 ಜಿಬಿ ಸಾಗಿಸುತ್ತದೆ, ಎರಡು ಇದ್ದರೆ 38.4 ಜಿಬಿ. 16 ಜಿಬಿಯ ಒಂದೇ ಕಡ್ಡಿಗಿಂತ 8ರ ಎರಡು ಕಡ್ಡಿ ಗೇಮಿಗೆ ಎದ್ದು ಕಾಣುವಷ್ಟು ಒಳ್ಳೆಯದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' ಎರಡಕ್ಕೆ ಎರಡು ಎಂದಿರಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿರುವುದರಿಂದ 'ಈಗ 8 ಸಾಕು, ಆಮೇಲೆ ಹಾಕಿಸೋಣ' ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ಮೊದಲೇ 8ರ ಎರಡು ಇರುವ ಪೀಸ್ ಹುಡುಕುವುದು ಲಾಭ. ಕೆಲವು ಟಿ480ಗಳಲ್ಲಿ ಎನ್‌ವಿಡಿಯಾ ಎಂಎಕ್ಸ್150 ಚಿಪ್ ಕೂಡ ಇರುತ್ತದೆ. ಸಿಕ್ಕರೆ ಬಿಡಬೇಡಿ, ಆದರೆ ಅಪರೂಪ.

ಇಷ್ಟಾದ ಮೇಲೆ ಏನು ಆಡಬಹುದು? ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಗೆ ಸೋಡಿಯಂ ಎಂಬ ಮಾಡ್ ಹಾಕಿ, ರೆಂಡರ್ ಡಿಸ್ಟೆನ್ಸ್ ಅನ್ನು 8ರಿಂದ 10 ಚಂಕ್‌ಗೆ ಇಟ್ಟರೆ ಸಲೀಸು. ಸ್ಟಾರ್‌ಡ್ಯೂ ವ್ಯಾಲಿ, ಟೆರೇರಿಯಾ, ಹಾಲೋ ನೈಟ್, ಪೋರ್ಟಲ್ 2 ತರಹದವು ತೊಡಕಿಲ್ಲದೆ ಓಡುತ್ತವೆ. ವ್ಯಾಲರಂಟ್ ಕಡಿಮೆ ಸೆಟ್ಟಿಂಗ್‌ನಲ್ಲಿ ಆಡುವಂತಿದೆ. ಅದರ ಕನಿಷ್ಠ ಅಗತ್ಯವೇ ಇದಕ್ಕಿಂತ ಹಳೆಯ ಎಚ್‌ಡಿ 4000 ಗ್ರಾಫಿಕ್ಸ್. ಕೌಂಟರ್-ಸ್ಟ್ರೈಕ್ 2 ಬೇಡ. 2023ರ ಸೆಪ್ಟೆಂಬರ್‌ನಲ್ಲಿ ಹಳೆಯ ಸಿಎಸ್‌ಗೋ ಜಾಗಕ್ಕೆ ಅದು ಬಂದಾಗಿನಿಂದ ಯುಎಚ್‌ಡಿ 620ರಲ್ಲಿ ಹೊಗೆ ಗ್ರೆನೇಡ್ ಒಡೆದ ಕೂಡಲೇ ಪರದೆ ಮುಗ್ಗರಿಸುತ್ತದೆ, ಮೇಲಾಗಿ 85 ಜಿಬಿ ಜಾಗ ಬೇಡುತ್ತದೆ. 256 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಹೋಗಿ ಉಳಿಯುವ ಜಾಗ ನೋಡಿದರೆ ಈ ಒಂದೇ ಗೇಮ್ ಅರ್ಧ ಮನೆ ಆಕ್ರಮಿಸುತ್ತದೆ. ಈಚಿನ ದೊಡ್ಡ ಬಜೆಟ್ಟಿನ ಗೇಮ್‌ಗಳ ಆಸೆಯಿದ್ದರೆ ಇದು ನಿಮ್ಮ ಯಂತ್ರವಲ್ಲ.

ಹದಿಹರೆಯದವರಲ್ಲಿ ಬಹಳ ಮಂದಿ ಮೊದಲು ಕೇಳುವುದು ಬಿಜಿಎಂಐ, ಪಬ್‌ಜಿಯ ಭಾರತೀಯ ಮೊಬೈಲ್ ರೂಪ. ಅದಕ್ಕೆ ಪಿಸಿ ಆವೃತ್ತಿಯೇ ಇಲ್ಲ, ಫೋನಿನ ಆ್ಯಪ್‌ಗಳನ್ನು ಪಿಸಿಯಲ್ಲಿ ಓಡಿಸುವ ಎಮ್ಯುಲೇಟರ್ ಹಾಕಿದರೆ ನಾಲ್ಕು ಕೋರೂ ಬೆವರುತ್ತವೆ, ಐಡಿ ಬ್ಯಾನ್ ಆಗುವ ಭಯ ಬೇರೆ. ಅದು ಫೋನಿನಲ್ಲೇ ಇರಲಿ. ಆದರೆ ಆ ಆಟದ ಚರಿತ್ರೆ ಈ ತಲೆಮಾರಿಗೆ ರಾಜಕೀಯದ ಮೊದಲ ಪಾಠ ಎಂದರೆ ತಪ್ಪಿಲ್ಲ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧ, 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ಮರುಹುಟ್ಟು, 2022ರ ಜುಲೈ 28ರಂದು ಮತ್ತೆ ಆ್ಯಪ್ ಅಂಗಡಿಗಳಿಂದ ಮಾಯ, 2023ರ ಮೇನಲ್ಲಿ ಷರತ್ತಿನ ಮೇಲೆ ವಾಪಸ್. ಆ ಷರತ್ತುಗಳಲ್ಲಿ 18 ತುಂಬದವರಿಗೆ ದಿನಕ್ಕೆ ಮೂರೇ ಗಂಟೆ ಎಂಬುದೂ ಒಂದು. ಫ್ರೀ ಫೈರ್ 2022ರ ಫೆಬ್ರವರಿ 14ರಂದು ನಿಷೇಧದ ಪಟ್ಟಿಗೆ ಬಿತ್ತು. ತಮಾಷೆಯೆಂದರೆ ಕರ್ನಾಟಕ ಹೈಕೋರ್ಟು ರಾಜ್ಯದ ಆನ್‌ಲೈನ್ ಜೂಜು ನಿಷೇಧದ ತಿದ್ದುಪಡಿಯನ್ನು ರದ್ದು ಮಾಡಿದ್ದೂ ಅದೇ ದಿನ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ದುಡ್ಡು ಕಟ್ಟಿ ಆಡುವ ಆಟಗಳನ್ನು ದೇಶಕ್ಕೆಲ್ಲ ನಿಲ್ಲಿಸಿತು, ಇ-ಸ್ಪೋರ್ಟ್ಸನ್ನು ಬೇರೆ ವರ್ಗವೆಂದು ಮಾನ್ಯ ಮಾಡಿತು. ಮತ ಹಾಕುವ ವಯಸ್ಸಾಗದವರು ಇದರ ಬಗ್ಗೆ ಗಟ್ಟಿ ಅಭಿಪ್ರಾಯ ಇಟ್ಟುಕೊಂಡಿದ್ದರೆ ಆಶ್ಚರ್ಯವಿಲ್ಲ. ಅವರ ಸಂಜೆಯನ್ನು ನೇರವಾಗಿ ಮುಟ್ಟಿದ ಸರ್ಕಾರಿ ಆದೇಶಗಳು ಇವೇ.

ಪಿಸಿಯಲ್ಲಿ ಈ ಪ್ರಶ್ನೆ ಬೇರೆ ರೂಪ ತಾಳುತ್ತದೆ: ಯಂತ್ರ ನಿಮ್ಮದು, ಅದರಲ್ಲಿ ಏನು ಓಡಬೇಕೆಂದು ಹೇಳುವವರು ಯಾರು? ವ್ಯಾಲರಂಟ್‌ನ ವ್ಯಾನ್‌ಗಾರ್ಡ್ ಎಂಬ ಚೀಟ್ ತಡೆ ತಂತ್ರಾಂಶ ಕಂಪ್ಯೂಟರ್ ಏಳುವಾಗಲೇ ಎದ್ದು ಕರ್ನಲ್ ಮಟ್ಟದಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲೇ, ಕೂರುತ್ತದೆ. ವಿಂಡೋಸ್ 11ರಲ್ಲಿ ಟಿಪಿಎಂ 2.0 (ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಲರ್ಹ ವ್ಯವಸ್ಥೆಯನ್ನಷ್ಟೇ ಏಳಲು ಬಿಡುವ ತಪಾಸಣೆ) ಎರಡೂ ಆನ್ ಇಲ್ಲದಿದ್ದರೆ ಆಟಕ್ಕೆ ಬಿಡುವುದಿಲ್ಲ. ಟಿ480ರಲ್ಲಿ ಎರಡೂ ಇವೆ, ಬಯೋಸ್‌ನ ಸೆಕ್ಯೂರಿಟಿ ಮೆನುವಿನಲ್ಲಿ ಆನ್ ಮಾಡಿದರಾಯಿತು. ಲಿನಕ್ಸ್‌ನಲ್ಲಿ ವ್ಯಾಲರಂಟ್ ಇಲ್ಲವೇ ಇಲ್ಲ. ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸ್ ಬಾಗಿಲು ಮುಚ್ಚಿತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಟಿಎ ಆನ್‌ಲೈನ್ ಕೂಡ. ಒಬ್ಬರೇ ಆಡುವ ಆಟಗಳಿಗೆ ಈ ಕಿರಿಕಿರಿಯಿಲ್ಲ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪ್ರೋಟಾನ್ ಎಂಬ, ವಿಂಡೋಸ್ ಗೇಮ್ ಓಡಿಸುವ ಉಪಕರಣದ ಮೂಲಕ ಬಹುಪಾಲು ಲಿನಕ್ಸ್‌ನಲ್ಲೇ ಓಡುತ್ತವೆ. ಮನೆಯವರ ಯುಪಿಐನಿಂದಲೇ ಸ್ಟೀಮ್‌ಗೆ ದುಡ್ಡು ಕಟ್ಟಬಹುದು, ಸ್ಟೀಮ್ ಫ್ಯಾಮಿಲಿಯಲ್ಲಿ ಮಕ್ಕಳ ಖಾತೆಗೆ ದಿನದ ಆಟದ ಸಮಯ ಗೊತ್ತುಮಾಡಲು ಸಾಧ್ಯ. ಗೊತ್ತುಮಾಡುವ ಮೊದಲು ಮಕ್ಕಳೊಂದಿಗೆ ಕೂತು ಮಾತಾಡಿ. ಇಲ್ಲದಿದ್ದರೆ ಅವರು ಇನ್ನೊಂದು ಖಾತೆ ತೆರೆಯಲು ಐದು ನಿಮಿಷ ಬೇಡ.

ಓದಿಗೆ ಈ ಯಂತ್ರದ ಮೇಲೆ ದೂರು ಇಲ್ಲ. ಸಿಬಿಎಸ್‌ಇ 11-12ರ ಕಂಪ್ಯೂಟರ್ ಸೈನ್ಸ್‌ಗೆ ಬೇಕಾದ ಪೈಥಾನ್ ಮತ್ತು ಮೈಎಸ್‌ಕ್ಯೂಎಲ್ ಇದಕ್ಕೆ ಲೆಕ್ಕಕ್ಕಿಲ್ಲದ ಹೊರೆ. ಭೌತಶಾಸ್ತ್ರಕ್ಕೆ ಫೆಟ್ ಸಿಮ್ಯುಲೇಶನ್‌ಗಳು ಬ್ರೌಸರ್‌ನಲ್ಲೇ ನಡೆಯುತ್ತವೆ, ಹಲವು ಕನ್ನಡದಲ್ಲೂ ಇವೆ. ಜಿಯೋಜೀಬ್ರಾ, ಎನ್‌ಸಿಇಆರ್‌ಟಿ ಪಿಡಿಎಫ್, ಸಿಇಟಿ ಹಳೆಯ ಪ್ರಶ್ನೆಪತ್ರಿಕೆ ಎಲ್ಲ ತೆರೆದಿಟ್ಟುಕೊಂಡು ಪಕ್ಕದಲ್ಲಿ ವಿಡಿಯೋ ಪಾಠ ಓಡಿಸಿದರೂ 16 ಜಿಬಿ ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ಕೀಬೋರ್ಡು. ಇಂಥ ಆಳವಾದ, ಸ್ಪಷ್ಟ ಒತ್ತಿನ ಕೀಬೋರ್ಡ್ ಈಗಿನ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವುದಿಲ್ಲ. ಒಂದೇ ತಂಟೆ, ಎಡತುದಿಯಲ್ಲಿ ಕಂಟ್ರೋಲ್ ಇರಬೇಕಾದ ಜಾಗದಲ್ಲಿ ಎಫ್‌ಎನ್ ಕೀ ಇದೆ. ಬಯೋಸ್‌ನಲ್ಲಿ ಎರಡನ್ನೂ ಅದಲುಬದಲು ಮಾಡುವ ಆಯ್ಕೆಯಿದೆ, ಮೊದಲ ದಿನವೇ ಮಾಡಿ.

ಕನ್ನಡ ಬರೆಯಲು ಲಿನಕ್ಸ್‌ನಲ್ಲಿ ಏನನ್ನೂ ಇಳಿಸಬೇಕಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದಡಿ ಕಗಪ ವಿನ್ಯಾಸ ಸೇರಿಸಿದರೆ ನುಡಿಯಲ್ಲಿ ಕಲಿತ ಬೆರಳುಗಳು ಹಾಗೇ ಓಡುತ್ತವೆ, ಒತ್ತಕ್ಷರಕ್ಕೆ ಅದೇ ಎಫ್ ಕೀ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಫೋನೆಟಿಕ್ ಎರಡಿವೆ, ಕಗಪ ಬೇಕಾದರೆ ನುಡಿ ಹಾಕಿಕೊಳ್ಳಬೇಕು. ಶಾಲೆಯಿಂದ ಬಂದ ಹಳೆಯ ನುಡಿ ಫಾಂಟಿನ ಕಡತಗಳು ಯೂನಿಕೋಡ್ ಅಲ್ಲದಿದ್ದರೆ ಚಿತ್ರಲಿಪಿಯಂತೆ ಕಾಣುತ್ತವೆ. ಅದು ಲ್ಯಾಪ್‌ಟಾಪ್ ದೋಷವಲ್ಲ, ಪರಿವರ್ತಕದಲ್ಲಿ ಹಾಕಿ ತೆಗೆದರೆ ಸರಿಹೋಗುತ್ತದೆ.

ಎರಡೂ ವ್ಯವಸ್ಥೆ ಇಟ್ಟುಕೊಳ್ಳುವುದು ನಮ್ಮ ಸಲಹೆ, ವ್ಯಾಲರಂಟ್‌ಗೂ ಕೆಲವು ಆನ್‌ಲೈನ್ ಪರೀಕ್ಷೆಗಳ ತಂತ್ರಾಂಶಕ್ಕೂ ವಿಂಡೋಸ್, ಉಳಿದದ್ದಕ್ಕೆ ಲಿನಕ್ಸ್ ಮಿಂಟ್. ಮೊದಲು ವಿಂಡೋಸ್ ಇರಲಿ. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ, ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಆಫ್ ಮಾಡಿ. ಇದನ್ನು ಮರೆತು ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಮುಟ್ಟಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ಕೀ ಕೇಳುತ್ತ ನಿಲ್ಲುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ ಕನಿಷ್ಠ 60 ಜಿಬಿ ಬಿಡಿಸಿ. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಮಿಂಟ್ ಬರೆದು, ಎಫ್12 ಒತ್ತಿ ಅದರಿಂದ ಬೂಟ್ ಮಾಡಿ, ವಿಂಡೋಸ್ ಪಕ್ಕದಲ್ಲಿ ಹಾಕು ಎಂಬ ಆಯ್ಕೆ ಕೊಡಿ. ಆಮೇಲೆ ಸಾಮಾನ್ಯವಾಗಿ ಎದುರಾಗುವ ತೊಂದರೆಯೊಂದಿದೆ: ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಗ್ರೀನಿಚ್ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯವೆಂದು ಓದುತ್ತದೆ. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶದಿಂದ ಲೋಕಲ್ ಆರ್‌ಟಿಸಿ ಆನ್ ಮಾಡಿದರೆ ಮುಗಿಯಿತು. ಬೆರಳಚ್ಚು ಓದುವ ಸೆನ್ಸರ್ ಮಾತ್ರ ಲಿನಕ್ಸ್‌ನಲ್ಲಿ ತಾನಾಗಿ ಕೆಲಸ ಮಾಡುವುದಿಲ್ಲ, ಪಾಸ್‌ವರ್ಡ್ ಟೈಪಿಸಿ. ಪ್ರೊಸೆಸರ್ 80 ಡಿಗ್ರಿ ಮುಟ್ಟಿದಾಗ ವೇಗ ಇಳಿಸಿಬಿಡುವ ಚಾಳಿಯೂ ಲಿನಕ್ಸ್‌ನಲ್ಲಿ ಕಂಡುಬರುತ್ತದೆ, ಥ್ರಾಟಲ್ಡ್ ಎಂಬ ಪುಟ್ಟ ಉಪಕರಣ ಅದಕ್ಕೆ ಮದ್ದು.

ಬಿಚ್ಚುವುದು ಸುಲಭ, ಇದೇ ಈ ಯಂತ್ರದ ಹೆಚ್ಚುಗಾರಿಕೆ. ಬಯೋಸ್‌ನಲ್ಲಿ ಕಾನ್ಫಿಗ್, ಪವರ್, ಆಮೇಲೆ ಒಳಗಿನ ಬ್ಯಾಟರಿ ಆಫ್ ಮಾಡುವ ಸಾಲು ಒತ್ತಿ. ಹೊರಗಿನ ಬ್ಯಾಟರಿ ತೆಗೆಯಿರಿ. ತಳದ ಆರು ಸ್ಕ್ರೂ ಸಡಿಲಿಸಿ, ಅವು ಮುಚ್ಚಳದಲ್ಲೇ ಉಳಿಯುವಂಥವು, ಕಳೆದುಹೋಗುವುದಿಲ್ಲ. ಹಳೆಯ ಎಟಿಎಂ ಕಾರ್ಡನ್ನು ಅಂಚಿಗೆ ತೂರಿಸಿ ಸುತ್ತ ಸರಿಸಿ, ಮುಂದಿನ ಮೂಲೆಗಳಲ್ಲಿ ಅವಸರ ಬೇಡ, ಅಲ್ಲಿನ ಕೊಕ್ಕೆಗಳೇ ಮುರಿಯುವುದು. 2018ರ ಯಂತ್ರವೆಂದರೆ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ. ಹೀಟ್‌ಸಿಂಕ್ ಮೇಲಿನ ಅಂಕಿಗಳ ಕ್ರಮದಲ್ಲಿ ಸ್ಕ್ರೂ ಬಿಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಹಾಕಿ. ಫ್ಯಾನ್‌ಗೆ ಗಾಳಿ ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಬಿಟ್ಟರೆ ಅದು ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಇದನ್ನು ಹದಿನೇಳರ ಹುಡುಗಿಯೋ ಹುಡುಗನೋ ತಾನೇ ಮಾಡಲಿ. ಅಂಗಡಿಗೆ ಕೊಟ್ಟು ದುಡ್ಡು ತೆರುವ ಕೆಲಸವಲ್ಲ.

ಕೊರತೆಗಳು ಹೇಳಲೇಬೇಕು. 1366×768 ಪರದೆಯ ಪೀಸ್ ಉಚಿತ ಕೊಟ್ಟರೂ ಬೇಡ, ಓರೆಯಾಗಿ ನೋಡಿದರೆ ಬಣ್ಣವೇ ಇರುವುದಿಲ್ಲ. ಫುಲ್ ಎಚ್‌ಡಿ ಐಪಿಎಸ್ ಎಂದೇ ಕೇಳಿ, ಅದೂ ಬಿಸಿಲಲ್ಲಿ ಮಂಕು. ಕ್ಯಾಮೆರಾ 720ಪಿ, ಆನ್‌ಲೈನ್ ತರಗತಿಗೆ ಸಾಕು. ಸ್ಪೀಕರ್ ಧ್ವನಿ ತಳದಿಂದ ಬರುತ್ತದೆ, ಹಾಸಿಗೆ ಮೇಲಿಟ್ಟರೆ ಕೇಳುವುದೇ ಇಲ್ಲ. ದೊಡ್ಡ ಬ್ಯಾಟರಿ ಹಾಕಿದರೆ ಬೆನ್ನಚೀಲದಲ್ಲಿ ಭಾರ ಗೊತ್ತಾಗುತ್ತದೆ.

ಹಳೆಯದನ್ನು ಕೊಳ್ಳುವುದರಲ್ಲೂ ರಾಜಕೀಯವಿದೆ. 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ದಿಢೀರನೆ ಪರವಾನಗಿ ಕಡ್ಡಾಯ ಮಾಡಿ, ಮರುದಿನವೇ ಮುಂದೂಡಿ, ನವೆಂಬರ್‌ನಲ್ಲಿ ನೋಂದಣಿ ವ್ಯವಸ್ಥೆಗೆ ಇಳಿಯಿತು. ಪಕ್ಕದ ತಮಿಳುನಾಡು 2011ರಲ್ಲೇ ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಯೋಜನೆ ತಂದಿತ್ತು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇವೆಲ್ಲ ವಿಷಯವಾಗಬಹುದು, ಆದರೆ ಒಳ್ಳೆಯ ಯಂತ್ರವನ್ನು ವಿಂಡೋಸ್ 11 ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕುವ ಪದ್ಧತಿಯ ಬಗ್ಗೆ ಅಲ್ಲಿ ಯಾರೂ ಮಾತಾಡುವುದು ಕಾಣೆ. 2023ರ ದತ್ತಾಂಶ ರಕ್ಷಣಾ ಕಾಯ್ದೆ 18ರ ಒಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಚಲನವಲನ ಗಮನಿಸಿ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಲಿನಕ್ಸ್‌ನಲ್ಲಿ ಬೂಟ್ ಮಾಡಿ, ಫೈರ್‌ಫಾಕ್ಸ್ ಬ್ರೌಸರ್‌ಗೆ ಯುಬ್ಲಾಕ್ ಎಂಬ ಜಾಹೀರಾತು ತಡೆ ಹಾಕಿಕೊಂಡ ಹದಿನೇಳರವರು ಆ ಕೆಲಸವನ್ನು ಬಹುಮಟ್ಟಿಗೆ ಈಗಾಗಲೇ ಮಾಡಿಕೊಂಡಿದ್ದಾರೆ.

ವಿಡಿಯೋ ಎಡಿಟಿಂಗ್, ಬ್ಲೆಂಡರ್, ಹೊಸ ದೊಡ್ಡ ಗೇಮ್ ಮುಖ್ಯವಾದವರು ಇದನ್ನು ಬಿಟ್ಟು ಐವತ್ತು ಸಾವಿರದ ಮೇಲಿನ ಗ್ರಾಫಿಕ್ಸ್ ಚಿಪ್ ಇರುವ ಯಂತ್ರಕ್ಕೆ ಕಾಯಲಿ. ಉಳಿದವರು ಫುಲ್ ಎಚ್‌ಡಿ ಪರದೆ, 8ರ ಎರಡು ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 70 ಪರ್ಸೆಂಟ್ ಮೇಲಿನ ಬ್ಯಾಟರಿ ಇರುವ ಪೀಸ್‌ಗೆ 20 ಸಾವಿರದವರೆಗೂ ಹೋಗಬಹುದು. ಅಂಗಡಿಯವರು ಬ್ಯಾಗ್, ಮೌಸ್ ಫ್ರೀ ಎಂದರೆ ಅದರ ಬದಲು ಹೊಸ 48 ವಾಟ್-ಅವರ್ ಬ್ಯಾಟರಿಗೆ ರಿಯಾಯಿತಿ ಕೇಳಿ.